ದ್ವೀಪಕ್ಕೆ ಯಾವ ಹಾಯಿದೋಣಿ? ಮೊದಲು ದಡ, ಆಮೇಲೆ ಹಲಗೆಯ ಸಂದು, ಕೊನೆಗೆ ಹಾಯಿ

ಮರದ ಹಾಯಿದೋಣಿ ಕಟ್ಟಿಸಲು ಅಥವಾ ಹಳೆಯದೊಂದನ್ನು ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಹಾಯಿಯ ಮೇಲೆ. ಮುಕ್ಕೋನದ್ದೇ, ಚೌಕದ್ದೇ, ಎಷ್ಟು ದೊಡ್ಡದು, ಯಾವ ಬಣ್ಣ ಎಂದು ವಿಚಾರಿಸುತ್ತಾರೆ. ಆರಿಸುವ ಕ್ರಮದಲ್ಲಿ ಹಾಯಿಯದು ಕೊನೆಯ ಸರದಿ. ಮೊದಲು ಕೇಳಬೇಕಾದ್ದು ದೋಣಿ ರಾತ್ರಿ ಎಲ್ಲಿ ತಂಗುತ್ತದೆ, ಮಳೆಗಾಲದ ತಿಂಗಳುಗಳನ್ನು ಎಲ್ಲಿ ಕಳೆಯುತ್ತದೆ ಎಂಬುದು. ದ್ವೀಪದ ದೋಣಿ ವರ್ಷದ ಬಹುಪಾಲು ದಡದಲ್ಲೋ ಹವಳದ ದಿಬ್ಬದ ಒಳಗಿನ ಶಾಂತ ನೀರಾದ ಲಗೂನಿನಲ್ಲೋ ಇರುತ್ತದೆ. ಹಾಳಾಗುವುದೂ ಹೆಚ್ಚಾಗಿ ಅಲ್ಲಿಯೇ. ದಡ ಗೊತ್ತಾದರೆ ದೋಣಿಯ ತೂಕ ಮತ್ತು ತಳದ ಆಳ ತೀರ್ಮಾನವಾಗುತ್ತವೆ. ಅವು ತೀರ್ಮಾನವಾದರೆ ಹಲಗೆಗಳನ್ನು ಹೇಗೆ ಕೂಡಿಸಬೇಕೆಂಬುದು ಮುಕ್ಕಾಲು ಪಾಲು ಇತ್ಯರ್ಥವಾದಂತೆ.

ಇಲ್ಲಿ ಹೋಲಿಸಿರುವುದು ಐದು ಬಗೆ: ಪಕ್ಕದಲ್ಲಿ ತೇಲುಮರ ಕಟ್ಟಿದ ದೋಣಿ, ನಾರಿನ ಹುರಿಯಲ್ಲಿ ಹೊಲಿದ ಓಡಂ, ಮೊಳೆ ಹೊಡೆದ ಮುಕ್ಕೋನ ಹಾಯಿಯ ದೋಣಿ, ಆಳ ತಳದ, ಒಂದೇ ಹಾಯಿಕಂಬದ, ಮೇಲಂಚಿಗೆ ಓರೆಮರ ಕಟ್ಟಿದ ನಾಲ್ಕು ಮೂಲೆಯ ಗ್ಯಾಫ್ ಹಾಯಿಯ ಸ್ಲೂಪ್, ಹಲಗೆಯ ಮೇಲೆ ಹಲಗೆ ಹೊಂದಿಸಿದ ಉತ್ತರದ ಕಡಲಿನ ದೋಣಿ. ಎಲ್ಲವೂ ದ್ವೀಪದವರೇ ತಮ್ಮ ಅಗತ್ಯಕ್ಕೆ ತಿದ್ದಿ ತೀಡಿದವು. ಒಂದರ ಬದಲು ಇನ್ನೊಂದನ್ನು ತಂದಿಟ್ಟರೆ ಎಲ್ಲಿ ಸೋಲುತ್ತದೆ ಎಂಬುದೇ ಆಯ್ಕೆಗೆ ಹೆಚ್ಚು ನೆರವಾಗುವ ಮಾಹಿತಿ.

ದಡವನ್ನು ಅಳೆಯುವುದು

ಅಮಾವಾಸ್ಯೆ ಅಥವಾ ಹುಣ್ಣಿಮೆಯ ಇಳಿತದ ಹೊತ್ತಿಗೆ ಒಂದು ಉದ್ದನೆಯ ಜಲ್ಲೆ ಹಿಡಿದು, ಹವಳದ ದಿಬ್ಬದಲ್ಲಿ ದೋಣಿ ಹಾಯುವ ಕಿಂಡಿಯಲ್ಲಿ ನೀರು ಎಷ್ಟಿದೆ ಎಂದು ನೋಡಿ. ಅತಿ ಕಡಿಮೆ ಆಳದಲ್ಲಿ ಅರ್ಧ ಮೀಟರ್ ಬಿಟ್ಟು ಉಳಿದದ್ದು ನಿಮ್ಮ ದೋಣಿಯ ತಳಕ್ಕೆ ಸಿಗುವ ಆಳ. ಅಲೆ ತಗ್ಗಿದಾಗ ದೋಣಿ ಕೆಳಗೆ ಕೂರುತ್ತದೆ, ಅದಕ್ಕೇ ಈ ಅರ್ಧ ಮೀಟರ್. ತೇಲುಮರದ ದೋಣಿಗೆ ಮೊಣಕಾಲಿನ ಮಟ್ಟದ ನೀರು ಸಾಕು. ಹತ್ತು ಮೀಟರಿನ ಮುಕ್ಕೋನ ಹಾಯಿಯ ದೋಣಿ ತುಂಬಿದಾಗ ಒಂದು ಮೀಟರಿನಷ್ಟು ಕೇಳುತ್ತದೆ. ಅದೇ ಉದ್ದದ ಸ್ಲೂಪ್‌ಗೆ ಒಂದೂವರೆಯಿಂದ ಎರಡು ಮೀಟರ್ ಬೇಕು.

ಎರಡನೆಯ ಲೆಕ್ಕ ಜನರದ್ದು. ದೋಣಿಯನ್ನು ದಿನವೂ ಮರಳಿಗೆ ಎಳೆಯಬೇಕಾದರೆ, ಬೆಳಗಿನ ಜಾವ ದಡದಲ್ಲಿ ಖಂಡಿತವಾಗಿ ಸಿಗುವವರು ಎಷ್ಟು? ಇನ್ನೂರು ಕಿಲೋ ದೋಣಿಯನ್ನು ನಾಲ್ವರು ಉರುಳುಮರಗಳ ಮೇಲೆ ಎಳೆದುಬಿಡುತ್ತಾರೆ. ಒಂದು ಟನ್ ದಾಟಿದರೆ ಹತ್ತು ಹದಿನೈದು ಜನ ಬೇಕು. ಊರಿನ ಯುವಕರು ಕೆಲಸಕ್ಕೆಂದು ಹೊರಗೆ ಹೋಗಿರುವ ದ್ವೀಪದಲ್ಲಿ ದೊಡ್ಡ ದೋಣಿ ಮರಳಿನ ಮೇಲೆಯೇ ಕೂತು ಒಣಗಿ ಬಿರುಕು ಬಿಡುತ್ತದೆ. ಮರ ಚೆನ್ನಾಗಿದ್ದರೂ ಎಳೆಯುವವರಿಲ್ಲದೆ ಕೊನೆಗಂಡ ದೋಣಿಗಳು ಎಲ್ಲ ದ್ವೀಪಗಳಲ್ಲೂ ಇವೆ.

ತೇಲುಮರದ ದೋಣಿ

ಲಗೂನು, ಹವಳದ ದಿಬ್ಬ, ಮರಳ ದಡ, ಇಬ್ಬರು ಮೂವರು ಜನ, ಮೀನು ಹಿಡಿಯುವ ಕೆಲಸ: ಇಷ್ಟೇ ಇದ್ದರೆ ಬೇರೆ ಹುಡುಕಬೇಡಿ. ಇದರಲ್ಲಿ ಎರಡು ಕುಲ. ಜಾಂಜಿಬಾರ್‌ನ ಎನ್‌ಗಲಾವಾದಂತೆ ಎರಡೂ ಪಕ್ಕ ತೇಲುಮರ ಇರುವುದು ಒಂದು. ಪೆಸಿಫಿಕ್ ಸಾಗರದ ಮೈಕ್ರೋನೇಶಿಯಾದಂತೆ ಒಂದೇ ಪಕ್ಕ ಇರುವುದು ಇನ್ನೊಂದು.

ಎನ್‌ಗಲಾವಾದ ಒಡಲು ಮಾವಿನ ಕಾಂಡವನ್ನು ಕೊರೆದದ್ದು. ಮಾವು ಸುಲಭಕ್ಕೆ ಸಿಗುತ್ತದೆ, ಸಲೀಸಾಗಿ ಕೊರೆಯಲು ಬರುತ್ತದೆ, ಆದರೆ ಬೇಗ ಕೊಳೆಯುತ್ತದೆ. ಎರಡು ಕಡೆ ಆಸರೆ ಇರುವುದರಿಂದ ಕಲಿಯುವವರಿಗೆ ಇದು ಹಗುರ. ದೋಣಿ ಮಗುಚುವ ಭಯ ಕಡಿಮೆ, ಗಾಳಿ ಯಾವ ಮಗ್ಗುಲಿಗೆ ಬಂದರೂ ನಡೆಯುತ್ತದೆ. ತೊಂದರೆ ಗಾಳಿ ಬಲವಾದಾಗ. ಗಾಳಿಯ ಒತ್ತಡಕ್ಕೆ ಕೆಳಗಾದ ತೇಲುಮರ ನೀರೊಳಗೆ ನುಗ್ಗಿ ದೋಣಿಯನ್ನು ಆ ಕಡೆಗೆ ಹಿಡಿದೆಳೆಯುತ್ತದೆ. ತೇಲುಮರವನ್ನು ಒಡಲಿಗೆ ಕೂಡಿಸುವ ಅಡ್ಡತೋಳುಗಳ ಮೇಲೆ ಭಾರ ಏಕಾಏಕಿ ಬೀಳುವುದೂ ಆಗಲೇ.

ಒಂದೇ ತೇಲುಮರದ ದೋಣಿ ಚುರುಕು, ಆದರೆ ಕಲಿಯುವುದು ಕಷ್ಟ. ಮೈಕ್ರೋನೇಶಿಯಾದ ದೋಣಿಯಲ್ಲಿ ತೇಲುಮರ ಯಾವಾಗಲೂ ಗಾಳಿ ಬರುವ ಮಗ್ಗುಲಲ್ಲೇ ಇರಬೇಕು. ಆದ್ದರಿಂದ ದಿಕ್ಕು ಬದಲಿಸುವಾಗ ಮೂತಿಯನ್ನು ತಿರುಗಿಸುವುದಿಲ್ಲ, ಹಿಂದು ಮುಂದಾಗುತ್ತದೆ. ಹಾಯಿಯ ಕೆಳತುದಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೊತ್ತೊಯ್ಯಬೇಕು, ಹಾಯಿಕಂಬವಾದ ಕೂವೆಮರವನ್ನು ಆ ಕಡೆಗೆ ವಾಲಿಸಬೇಕು, ಚುಕ್ಕಾಣಿಯ ಹುಟ್ಟನ್ನು ಈ ಕೊನೆಗೆ ತರಬೇಕು. ಹಾಯಿಯ ತುದಿ ಹೊತ್ತವನು ಮುಗ್ಗರಿಸಿದರೆ, ಅಥವಾ ಗಾಳಿ ತಟ್ಟನೆ ಇನ್ನೊಂದು ಮಗ್ಗುಲಿಗೆ ಹೊಡೆದರೆ ಹಾಯಿ ಕೂವೆಮರಕ್ಕೇ ಅಪ್ಪಳಿಸಿ ಕೂವೆ ಉರುಳುತ್ತದೆ. ಕರೋಲೈನ್ ದ್ವೀಪಗಳಲ್ಲಿ ಇಂಥ ದೋಣಿಗಳ ಮೇಲೆ ತೆರೆದ ಸಾಗರ ದಾಟುವ ಪರಂಪರೆ ಇನ್ನೂ ಉಳಿದಿದೆ. ಸತವಾಲ್ ದ್ವೀಪದ ಮಾವು ಪಿಯಾಯಿಲುಗ್ 1976ರಲ್ಲಿ ಹವಾಯಿಯಿಂದ ತಹಿತಿಗೆ ದಿಕ್ಸೂಚಿಯಿಲ್ಲದೆ ದಾರಿ ತೋರಿಸಿದ್ದು ಈ ಪರಂಪರೆಯ ವಿದ್ಯೆಯಿಂದಲೇ, ಆ ನೌಕೆ ಮಾತ್ರ ಎರಡೊಡಲಿನ ಹೊಕುಲೇಯಾ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಅಡ್ಡತೋಳುಗಳನ್ನು ಹುರಿಯಲ್ಲಿ ಬಿಗಿಯುವ ಬದಲು ಬೋಲ್ಟ್ ಹಾಕಿಸುತ್ತಾರೆ. ಬೋಲ್ಟಿನ ಜೋಡಣೆ ಒಂಚೂರೂ ಅಲುಗದ ಕಾರಣ ಅಲೆಯ ಪೆಟ್ಟು ಸೀದಾ ಮರಕ್ಕೆ ಬೀಳುತ್ತದೆ. ತೂತಿನ ಸುತ್ತ ಸೀಳು ಹುಟ್ಟಿ ಒಂದೆರಡು ಹಂಗಾಮಿನಲ್ಲಿ ತೋಳೇ ಕಿತ್ತುಬರುತ್ತದೆ. ಹುರಿಯ ಕಟ್ಟು ಸ್ವಲ್ಪ ಸಡಿಲಗೊಂಡು ಪೆಟ್ಟನ್ನು ನುಂಗುತ್ತದೆ. ಸವೆದರೆ ಬಿಚ್ಚಿ ಹೊಸದು ಸುತ್ತಿದರಾಯಿತು. ನಾರಿನ ಹುರಿಯನ್ನು ನೆನೆಸಿ ಸುತ್ತಬೇಡಿ. ನೆನೆದಾಗ ನಾರು ಉಬ್ಬಿರುತ್ತದೆ, ಒಣಗಿದ ಮೇಲೆ ಕಟ್ಟು ಸಡಿಲವಾಗುತ್ತದೆ. ಒಣಗಿದ್ದನ್ನೇ ಮರದ ಸನ್ನೆಯಿಂದ ಬಿಗಿದು, ಆಮೇಲೆ ನೀರು ಚಿಮುಕಿಸಿ.

ಹೊಲಿದ ದೋಣಿ: ಓಡಂ

ಕರಾವಳಿಯವರಿಗೆ ಇದು ದೂರದ ಸಂಗತಿಯಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ಓಡಂಗಳು ತೆಂಗಿನ ನಾರಿನ ಹುರಿ ಹೇರಿಕೊಂಡು ಸುಮಾರು 300 ಕಿ.ಮೀ. ದಾಟಿ ಮಂಗಳೂರಿಗೆ ಬಂದು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಮುಂಗಾರು ಶುರುವಾಗುವ ಮೊದಲು ಕೊನೆಯ ಸುತ್ತು ಮುಗಿಯಬೇಕಿತ್ತು. ಆಮೇಲೆ ದೋಣಿಗಳನ್ನು ಮೇಲೆಳೆದು ತೆಂಗಿನ ಗರಿ ಹೊದಿಸಿ, ಕಡಲು ಶಾಂತವಾಗುವ ತನಕ ಹಾಗೇ ಇಡುತ್ತಿದ್ದರು. ತಂದ ಅಕ್ಕಿ ಅಷ್ಟೂ ತಿಂಗಳಿಗೆ ಸಾಲಬೇಕು. ಹೀಗಿರುವಾಗ ದೋಣಿ ಎಷ್ಟು ಬೇಗ ಓಡುತ್ತದೆ ಎನ್ನುವುದಕ್ಕಿಂತ ಅಕ್ಕಿ ನೆನೆಯದೆ ಬರುತ್ತದೆಯೇ ಎನ್ನುವುದೇ ದೊಡ್ಡ ಮಾತು.

ಹೊಲಿಗೆಯ ಕೆಲಸ ಹೀಗೆ. ಎರಡು ಹಲಗೆಗಳ ಅಂಚನ್ನು ಬೆಳಕು ತೂರದಷ್ಟು ಕೂಡುವ ಹಾಗೆ ಹೆರೆಯುತ್ತಾರೆ. ಇಡೀ ದೋಣಿಯಲ್ಲಿ ಹೆಚ್ಚು ಸಮಯ ಹಿಡಿಯುವುದು ಇದೇ. ಅಂಚಿನಿಂದ ಸುಮಾರು ಒಂದು ಇಂಚು ಒಳಗೆ, ಎರಡೂ ಹಲಗೆಗಳಲ್ಲಿ ಎದುರುಬದುರಾಗಿ ತೂತು ಕೊರೆಯುತ್ತಾರೆ. ಸಂದಿನ ಉದ್ದಕ್ಕೂ ತೆಂಗಿನ ನಾರಿನ ಸುರುಳಿಯೊಂದನ್ನು ಇಟ್ಟು, ಒಳಗೊಬ್ಬ ಹೊರಗೊಬ್ಬ ಕೂತು ಹುರಿಯನ್ನು ಅದರ ಮೇಲೆ ಅಡ್ಡಡ್ಡ ಹಾಯಿಸುತ್ತಾರೆ. ಪ್ರತಿ ಎಳೆತದಲ್ಲೂ ಹುರಿಯನ್ನು ಮರದ ಸನ್ನೆಗೆ ಸುತ್ತಿ ಜಗ್ಗಿ, ಸಡಿಲವಾಗದಂತೆ ತೂತಿಗೆ ಬೆಣೆ ತುರುಕಿ, ನಂತರವೇ ಮುಂದಿನ ತೂತಿಗೆ ಹೋಗುವುದು. ಕೊನೆಯಲ್ಲಿ ತೂತುಗಳನ್ನು ನಾರು ಮತ್ತು ರಾಳದಿಂದ ಮುಚ್ಚಿ ಒಳಹೊರಗೆ ಮೀನೆಣ್ಣೆ ಬಳಿಯುತ್ತಾರೆ.

ಇದರ ಲಾಭ ಮರಳಿಗೆ ಅಪ್ಪಳಿಸುವಾಗ ಗೊತ್ತಾಗುತ್ತದೆ. ಹಲಗೆಗಳು ಒಂದಿಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತವೆ. ಮೊಳೆಯ ದೋಣಿಯಾದರೆ ಅದೇ ಪೆಟ್ಟಿಗೆ ಮೊಳೆಯ ಕುತ್ತಿಗೆಯಲ್ಲಿ ಬಿರುಕು ಬಿಡುತ್ತದೆ. ದುರಸ್ತಿಗೆ ಬೇಕಾದದ್ದೆಲ್ಲ ಹಿತ್ತಲಲ್ಲೇ ಬೆಳೆಯುತ್ತದೆ, ಕಬ್ಬಿಣ ಬೇಡ. ಓಮನ್‌ನ ಸೂರ್‌ನಲ್ಲಿ ಕಟ್ಟಿ 1980-81ರಲ್ಲಿ ಚೀನಾದ ಕ್ಯಾಂಟನ್ ತನಕ ಹೋದ ‘ಸೋಹಾರ್’ ಹಡಗಿನ ಹಲಗೆಗಳನ್ನು ಹೊಲಿದವರಲ್ಲಿ ಲಕ್ಷದ್ವೀಪದ ಕುಶಲಕರ್ಮಿಗಳಿದ್ದರು. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯವೂ ಹೊಲಿದದ್ದೇ.

ಹಾಗೆಂದು ಮರುಳಾಗುವುದು ಬೇಡ. ಹೊಲಿದ ದೋಣಿ ಎಂದರೆ ಹೊಲಿಯುವವನನ್ನೂ ಜೊತೆಗೆ ಇಟ್ಟುಕೊಂಡಂತೆ. ವರ್ಷಕ್ಕೊಮ್ಮೆ ಹೊಲಿಗೆಯನ್ನು ಪರೀಕ್ಷಿಸಿ ಸವೆದದ್ದನ್ನು ಬದಲಿಸಲೇಬೇಕು. ಸದಾ ಉಪ್ಪುನೀರಲ್ಲಿ ನೆನೆದ ಹುರಿ ಬಾಳಿಕೆ ಬರುತ್ತದೆ. ಬೇಗ ಸಾಯುವುದು ನೀರಿನ ಮಟ್ಟದಿಂದ ಮೇಲಿನದು, ಬಿಸಿಲಲ್ಲಿ ಒಣಗಿ ಮಳೆನೀರಲ್ಲಿ ಕೊಳೆಯುವುದು. ಎಲ್ಲರೂ ಬಗ್ಗಿ ತಳವನ್ನೇ ನೋಡುತ್ತಾರೆ, ನೋಡಬೇಕಾದ್ದು ಮೇಲಿನ ಎರಡು ಹಲಗೆ. ಒಳಗೆ ಎಂಜಿನ್ ಕೂರಿಸುವ ಯೋಚನೆ ಇದ್ದರೆ ಈ ಬಗೆಯನ್ನು ಕೈಬಿಡಿ. ಅದರ ನಡುಕ ಹೊಲಿಗೆಯನ್ನು ದಿನದಿಂದ ದಿನಕ್ಕೆ ಸಡಿಲ ಮಾಡುತ್ತದೆ.

ಮೊಳೆಯ ದೋಣಿ, ಮುಕ್ಕೋನ ಹಾಯಿ

ಪೂರ್ವ ಆಫ್ರಿಕಾದ ಲಾಮು ದ್ವೀಪದ ಮಶುವಾ, ಅದಕ್ಕಿಂತ ದೊಡ್ಡದಾದ ಜಹಾಜಿ ಈ ಬಗೆಯವು. ಕಟ್ಟಡಕ್ಕೆ ಬೇಕಾದ ಕಾಂಡ್ಲಾ ಮರದ ಗಳು, ಮರಳು, ಹವಳದ ಕಲ್ಲು ಹೊರುವುದು ಜಹಾಜಿಯ ಕೆಲಸವಾಗಿತ್ತು. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಪಕ್ಕೆಮರಗಳಿಗೆ ಮೊಳೆ ಹೊಡೆದು, ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುಂಬುತ್ತಾರೆ. ಮೊಳೆಗೆ ಮೊದಲು ತೂತು ಕೊರೆಯಬೇಕು, ಮೊಳೆಯ ತಲೆಯ ಕೆಳಗೆ ಎಣ್ಣೆಹತ್ತಿಯ ಎಳೆ ಸುತ್ತಬೇಕು. ಆ ಎಳೆಯನ್ನು ಸುತ್ತದೆ ಬಿಟ್ಟ ಬಡಗಿಯ ದೋಣಿಯಲ್ಲಿ ಎರಡು ವರ್ಷದೊಳಗೆ ಪ್ರತಿ ಮೊಳೆಯಿಂದಲೂ ತುಕ್ಕಿನ ಕಂದು ಗೆರೆ ಇಳಿದಿರುತ್ತದೆ.

ಹತ್ತಿ ತುಂಬುವಾಗಿನ ಸಾಮಾನ್ಯ ತಪ್ಪು ಅತಿಯಾಗಿ ತುಂಬುವುದು. ಒಣಗಿದ ದೋಣಿಯ ಸಂದು ಅಗಲವಾಗಿ ಕಾಣುತ್ತದೆ, ಉಳಿಯಿಂದ ಬಡಿದು ಬಡಿದು ತುಂಬಿಸುತ್ತಾರೆ. ನೀರಿಗಿಳಿದ ಮೇಲೆ ಹಲಗೆ ಉಬ್ಬುತ್ತದೆ, ಹತ್ತಿ ಜಾಗ ಬಿಡುವುದಿಲ್ಲ, ಆ ಒತ್ತಡ ಮೊಳೆಗಳನ್ನು ಕೀಳುತ್ತದೆ ಅಥವಾ ಪಕ್ಕೆಮರವನ್ನೇ ಮುರಿಯುತ್ತದೆ. ಮೇಲೆಳೆದ ದೋಣಿಗೆ ಒದ್ದೆ ಗೋಣಿ ಹೊದಿಸಿ ಸಂದು ಕೂಡುವಷ್ಟು ದಿನ ಬಿಟ್ಟು, ಉಳಿದ ಬಿರುಕಿಗಷ್ಟೇ ಹತ್ತಿ ಹಾಕುವುದು ಸರಿಯಾದ ಕ್ರಮ. ನೀರಿಗಿಳಿಸಿದ ಮೊದಲ ಎರಡು ಮೂರು ದಿನ ನೀರು ಜಿನುಗಿದರೆ ಗಾಬರಿ ಬೇಡ, ಒಬ್ಬರು ಕಾವಲಿದ್ದು ಮೊಗೆದರೆ ಸಾಕು. ನಾಲ್ಕನೆಯ ದಿನವೂ ಅಷ್ಟೇ ಬರುತ್ತಿದ್ದರೆ ಮಾತ್ರ ತೂತು ಹುಡುಕಿ.

ಹೊರೆ ಹೊರುವ ಕೆಲಸಕ್ಕೆ, ಬೀಸುವ ದಿಕ್ಕನ್ನು ಋತುವಿಗೆ ತಕ್ಕಂತೆ ಬದಲಿಸುವ ಗಾಳಿಗೆ ಇದು ಸರಿಹೊಂದುತ್ತದೆ. ಇದರ ದೊಡ್ಡ ಬೇಡಿಕೆ ಆಳುಗಳು, ಏಕೆಂದು ಹಾಯಿಯ ಭಾಗದಲ್ಲಿ ಹೇಳಿದೆ.

ಆಳ ತಳದ ಸ್ಲೂಪ್

ಕೆರಿಬಿಯನ್ ಕಡಲಿನ ಗ್ರೆನಡಾಕ್ಕೆ ಸೇರಿದ ಕರಿಯಾಕು ದ್ವೀಪದಲ್ಲಿ ಇವತ್ತಿಗೂ ನಕ್ಷೆಯಿಲ್ಲದೆ, ಕಣ್ಣಳತೆಯಲ್ಲೇ ಕಡಲತಡಿಯಲ್ಲಿ ಸ್ಲೂಪ್ ಕಟ್ಟುತ್ತಾರೆ. ಈ ವಿದ್ಯೆ 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಪಕ್ಕೆಮರಗಳಿಗೆ ಅಲ್ಲಿನ ಬಿಳಿ ಸೀಡರಿನ ಸಹಜವಾಗಿ ಬಾಗಿದ ಕೊಂಬೆಗಳನ್ನೇ ಆರಿಸುತ್ತಾರೆ. ಹೀಗೆ ಬಾಗಿದ ಮರದಲ್ಲಿ ಎಳೆ ಬಾಗಿನ ಉದ್ದಕ್ಕೂ ಹರಿದಿರುತ್ತದೆ. ನೇರ ಹಲಗೆಯಿಂದ ಕೊಯ್ದ ಪಕ್ಕೆಯಲ್ಲಿ ಎಳೆ ಅಡ್ಡಕ್ಕೆ ತುಂಡಾಗಿ, ಮೊದಲ ದೊಡ್ಡ ಪೆಟ್ಟಿಗೆ ಅಲ್ಲೇ ಮುರಿಯುತ್ತದೆ. ದೋಣಿ ಕಟ್ಟಿಸುವವರು ಬಡಗಿಯನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಇದು ಮೊದಲಿನದು: ಪಕ್ಕೆಗೆ ಬಾಗಿದ ಮರ ಎಲ್ಲಿಂದ ತರುತ್ತೀರಿ?

ಐರ್ಲೆಂಡಿನ ಗಾಲ್ವೇ ಹೂಕರ್ ಇದೇ ಗುಂಪಿನ ಹಿರಿಯ. ಆರನ್ ದ್ವೀಪಗಳು ಸುಣ್ಣಕಲ್ಲಿನವು, ಅಲ್ಲಿ ಉರುವಲಿಲ್ಲ. ಎದುರು ದಡದ ಕಾನಮರಾದಿಂದ ಒಲೆಗೆ ಹಾಕುವ ಪೀಟ್ ಹೆಂಟೆಗಳನ್ನು ಈ ದೋಣಿಗಳೇ ಹೊತ್ತು ತರುತ್ತಿದ್ದವು. ಹತ್ತು ಹನ್ನೆರಡು ಟನ್ ಹೊರುವ ದೋಣಿಯನ್ನು ಇಬ್ಬರು ಮೂವರು ನಡೆಸಬಲ್ಲರು. ಗ್ಯಾಫ್ ಹಾಯಿಯ ದೊಡ್ಡ ಗುಣವೇ ಇದು.

ಸ್ಲೂಪ್‌ಗೆ ಬೇಕಾದದ್ದು ಕಟ್ಟೆ ಅಥವಾ ಆಳವಾದ, ಮೂರು ಕಡೆ ಆಸರೆಯಿರುವ ಕೊಲ್ಲಿ. ಅದಿಲ್ಲದ ದ್ವೀಪಕ್ಕೆ ಸ್ಲೂಪ್ ತಂದರೆ ಬಿರುಗಾಳಿಯ ದಿನ ಎಲ್ಲಿ ಇಡುವುದೆಂದೇ ತಿಳಿಯುವುದಿಲ್ಲ. ಮರಳಿಗೆ ಎಳೆಯಲಾಗದು, ಲಂಗರಿನ ಮೇಲೆ ಬಿಡಲಾಗದು.

ಉತ್ತರದ ಹಗುರ ದೋಣಿ

ಫ್ಯಾರೋ, ಶೆಟ್‌ಲೆಂಡ್ ದ್ವೀಪಗಳಲ್ಲಿ ಹಲಗೆಯ ಅಂಚಿನ ಮೇಲೆ ಇನ್ನೊಂದು ಹಲಗೆಯ ಅಂಚು ಕೂರಿಸಿ ರಿವೆಟ್ ಹೊಡೆಯುತ್ತಾರೆ. ದೋಣಿ ತೀರಾ ಹಗುರ. ಶೆಟ್‌ಲೆಂಡಿನಲ್ಲಿ ಅದನ್ನು ದಡದ ಮೇಲೆ ದೋಣಿಯ ಆಕಾರಕ್ಕೇ ತೋಡಿದ ಗುಂಡಿಯಲ್ಲಿ ಇಡುವ ಪದ್ಧತಿ. ತಂಪು, ತೇವದ ಹವೆಗೆ ಇದು ಹೇಳಿಮಾಡಿಸಿದ್ದು. ಸುಡುಬಿಸಿಲಿನ ದ್ವೀಪಕ್ಕೆ ಬೇಡವೇ ಬೇಡ. ತೆಳು ಹಲಗೆ ಒಣಗಿ ರಿವೆಟ್ಟಿನ ಸಾಲಿಗೇ ಸೀಳುತ್ತದೆ, ಆ ಸಂದಿಗೆ ಹತ್ತಿ ತುಂಬಲೂ ಆಗುವುದಿಲ್ಲ. ಮುಚ್ಚಿಗೆಯಿಲ್ಲದ ಹಗುರ ದೋಣಿಯ ಮಿತಿಯನ್ನೂ ಮರೆಯಬಾರದು. 1881ರ ಜುಲೈನಲ್ಲಿ ದೂರದ ಕಡಲಿಗೆ ಮೀನಿಗೆ ಹೋಗಿದ್ದ ಶೆಟ್‌ಲೆಂಡಿನ ಹತ್ತು ದೋಣಿಗಳು ಒಂದೇ ಬಿರುಗಾಳಿಗೆ ಸಿಕ್ಕಿ 58 ಜನ ಸತ್ತರು.

ಈಗ ಹಾಯಿ

ಗಾಳಿ ಎದುರಿದ್ದಾಗ ದೋಣಿ ನೇರ ಹೋಗಲಾರದು, ಓರೆಯಾಗಿ ಹಾವಿನಂತೆ ಹೋಗಬೇಕು. ಎಷ್ಟು ಓರೆ ಎಂಬುದರ ಮೇಲೆ ದಾರಿಯ ಉದ್ದ ನಿಲ್ಲುತ್ತದೆ. ಒಳ್ಳೆಯ ಗ್ಯಾಫ್ ಸ್ಲೂಪ್ ಗಾಳಿಗೆ ಸುಮಾರು 50 ಡಿಗ್ರಿಯಲ್ಲಿ, ಲ್ಯಾಟೀನ್ ಎನ್ನುವ ಮುಕ್ಕೋನ ಹಾಯಿ 60ರಲ್ಲಿ, ಚೌಕ ಹಾಯಿ 75ರ ಆಸುಪಾಸಿನಲ್ಲಿ ಹೋಗುತ್ತವೆ ಎಂದುಕೊಳ್ಳಿ. ಗಾಳಿಗೆದುರು 10 ಕಿ.ಮೀ. ದೂರದ ದ್ವೀಪಕ್ಕೆ ಗ್ಯಾಫ್ ಹಾಯಿ ಓಡಬೇಕಾದ್ದು ಸುಮಾರು 15.5 ಕಿ.ಮೀ., ಮುಕ್ಕೋನ ಹಾಯಿ 20, ಚೌಕ ಹಾಯಿ 38ಕ್ಕೂ ಹೆಚ್ಚು. ಗಂಟೆಗೆ 7 ಕಿ.ಮೀ. ವೇಗದಲ್ಲಿ ಇದು ಎರಡೂಕಾಲು, ಸುಮಾರು ಮೂರು, ಐದೂವರೆ ಗಂಟೆ. ಪಕ್ಕಕ್ಕೆ ಜಾರುವುದು, ಸೆಳೆತ ಇದರ ಮೇಲೆ. ದಿನವೂ ಹೋಗಿಬರುವ ಕೆಲಸಕ್ಕೆ ಈ ಲೆಕ್ಕ ಮುಖ್ಯ. ಗಾಳಿಯ ಋತು ಕಾದು ವರ್ಷಕ್ಕೆ ಕೆಲವೇ ಸಲ ಹೋಗಿಬರುವ ದೋಣಿಗೆ ಅಷ್ಟಿಲ್ಲ.

ಮುಕ್ಕೋನ ಹಾಯಿಯ ಮಗ್ಗುಲು ಬದಲಿಸುವುದು ಒಂದು ಕಸರತ್ತು. ದೋಣಿಯ ಬೆನ್ನನ್ನು ಗಾಳಿಗೆ ತಿರುಗಿಸಿ, ಹಾಯಿಯ ಕೆಳಮೂಲೆಯ ಎಳೆಹಗ್ಗವನ್ನು ಮುಂದಕ್ಕೆ ಹಾರಲು ಬಿಟ್ಟು, ಓರೆಯಾಗಿದ್ದ ಅಡ್ಡಮರವನ್ನು ಕೂವೆಗೆ ಒತ್ತಿ ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನು ಇನ್ನೊಂದು ಬದಿಗೆ ದಾಟಿಸಬೇಕು. ಅದೇ ಹೊತ್ತಿಗೆ ಕೂವೆಯ ಬಿಗಿಹಗ್ಗಗಳನ್ನು ಗಾಳಿ ಬರುವ ಹೊಸ ಮಗ್ಗುಲಿಗೆ ಕಟ್ಟಬೇಕು. ಚಿಕ್ಕ ದೋಣಿಗೆ ಮೂವರು, ಜಹಾಜಿಗೆ ಆರೇಳು ಜನ ಇಲ್ಲದೆ ಆಗುವ ಕೆಲಸವಲ್ಲ. ಗಾಳಿ ಹೆಚ್ಚಿದರೆ ಹಾಯಿಯನ್ನು ಮಡಚಿ ಚಿಕ್ಕದು ಮಾಡುವ ಬದಲು ಸಾಮಾನ್ಯವಾಗಿ ಬೇರೆ ಚಿಕ್ಕ ಹಾಯಿಯನ್ನೇ ಏರಿಸುತ್ತಾರೆ. ಆದ್ದರಿಂದ ಬೆಲೆ ಕಟ್ಟುವಾಗ ಎರಡು ಹಾಯಿಯ ಖರ್ಚು ಹಿಡಿಯಿರಿ. ಎಳೆಹಗ್ಗವನ್ನು ಎಂದೂ ಗಂಟು ಹಾಕಿಡಬಾರದು. ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದಿರಬೇಕು. ಬಿರುಸು ಗಾಳಿ ಬಡಿದಾಗ ಗಂಟು ಬಿಚ್ಚುವಷ್ಟು ಹೊತ್ತು ದೋಣಿ ಕಾಯುವುದಿಲ್ಲ.

ಗ್ಯಾಫ್ ಹಾಯಿಗೆ ಎತ್ತುಹಗ್ಗ ಎರಡು, ಓರೆಮರದ ಬುಡಕ್ಕೊಂದು, ತುದಿಗೊಂದು. ತಟ್ಟನೆ ಗಾಳಿ ಬಂದರೆ ತುದಿಯ ಹಗ್ಗವನ್ನು ಮಾತ್ರ ಸಡಿಲಿಸಿದರೆ ಹಾಯಿಯ ಮೇಲ್ಭಾಗ ಮಡಚಿ ಬಿದ್ದು ಒತ್ತಡ ಅರ್ಧಕ್ಕಿಳಿಯುತ್ತದೆ. ಒಬ್ಬನ ಕೈಯಲ್ಲಿ, ಕೆಲವೇ ಕ್ಷಣದಲ್ಲಿ. ಇದಕ್ಕೆ ತೆರುವ ಬೆಲೆ ಹಗ್ಗ, ರಾಟೆಗಳ ಗೋಜಲು. ಪ್ರತಿಯೊಂದು ರಾಟೆಯೂ ಒಂದು ದಿನ ಸಿಕ್ಕಿಕೊಳ್ಳುತ್ತದೆ.

ಐದು ಮೀಟರಿಗಿಂತ ಚಿಕ್ಕ ದೋಣಿಯಲ್ಲಿ ಒಬ್ಬನೇ ಹೋಗುವುದಿದ್ದರೆ ಇವೆರಡೂ ಹೆಚ್ಚಾಯಿತು. ಬಿಗಿಹಗ್ಗವಿಲ್ಲದ ಗಿಡ್ಡ ಕೂವೆ, ಅದಕ್ಕೆ ಓರೆ ಅಡ್ಡಮರದಿಂದ ತೂಗುವ ನಾಲ್ಕು ಮೂಲೆಯ ಸರಳ ಲಗ್ ಹಾಯಿ ಸಾಕು. ದಡ ಮುಟ್ಟುವಾಗ ಕೂವೆ ಸಮೇತ ಕಿತ್ತು ಮಲಗಿಸಬಹುದು.

ಮರ, ಹುಳ, ಅಡಿಭಾರ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಲಗೆಗೆ ಹೆಬ್ಬಲಸು ಮತ್ತು ತೇಗ, ಕೂವೆಗೆ ಸುರಹೊನ್ನೆ ಜಾತಿಯ ನೇರ ಮರ ಎಂಬುದು ಹಳೆಯ ರೂಢಿ. ಯಾವ ಮರವಾದರೂ ಬಿಸಿಕಡಲಲ್ಲಿ ಟೆರೆಡೊ ಹುಳದ ಭಯ ತಪ್ಪಿದ್ದಲ್ಲ. ಬಳಿಯದೆ ಬಿಟ್ಟ ಮೆತ್ತನೆಯ ಹಲಗೆಯನ್ನು ಕೆಲವೇ ತಿಂಗಳಲ್ಲಿ ಜಾಲರಿ ಮಾಡುತ್ತದೆ, ಹೊರಗಿನಿಂದ ಕಾಣುವುದು ಸೂಜಿಮೊನೆಯಷ್ಟು ತೂತು. ದೊಡ್ಡ ಉಬ್ಬರದಲ್ಲಿ ದೋಣಿಯನ್ನು ದಡಕ್ಕೆ ತಂದು ಇಳಿತದಲ್ಲಿ ಒಂದು ಮಗ್ಗುಲಿಗೆ ವಾಲಿಸಿ, ಕೆರೆದು, ಒಣ ಗರಿಯ ಬೆಂಕಿಯಿಂದ ತಳವನ್ನು ಬಿಸಿ ಮಾಡಿ, ಸುಣ್ಣ ಮತ್ತು ಕೊಬ್ಬು ಕಲಸಿದ ಲೇಪ ಬಳಿಯುವುದು ಹಿಂದೂ ಮಹಾಸಾಗರದುದ್ದಕ್ಕೂ ನಡೆದುಬಂದ ಉಪಾಯ. ದಿನವೂ ಮರಳಿಗೆಳೆದು ಒಣಗಿಸುವ ದೋಣಿಗೆ ಹುಳದ ಕಾಟ ಕಡಿಮೆ. ಸದಾ ನೀರಲ್ಲೇ ಇರುವ ಸ್ಲೂಪ್‌ಗೆ ಇದು ತಪ್ಪದ ಖರ್ಚು.

ಖಾಲಿ ದೋಣಿಗೆ ಅಡಿಭಾರವಾಗಿ ಮರಳು ಹಾಕುವುದಾದರೆ ಚೀಲದಲ್ಲಿ ಹಾಕಿ. ಬಿಡಿ ಮರಳು ಪಕ್ಕೆಮರಗಳ ಕೆಳಗಿನ ನೀರುಗಿಂಡಿ ಮುಚ್ಚುತ್ತದೆ, ನೀರು ಕುಡಿದು ತೂಕ ಏರಿಸುತ್ತದೆ, ದೋಣಿ ವಾಲಿದ ಕಡೆಗೇ ಜಾರುತ್ತದೆ. ಅಕ್ಕಿ ಹೇರುವಾಗ ತಳದಲ್ಲಿ ಗಳು, ಅದರ ಮೇಲೆ ಗರಿ ಹಾಸಿ ಮೂಟೆ ತಳಕ್ಕೆ ತಾಗದಂತೆ ಇಡಬೇಕು.

ಹಳೆಯದನ್ನು ಕೊಳ್ಳುವುದಾದರೆ

ಒಂದು ದಬ್ಬಳ ಮತ್ತು ಒಂದು ದಾರದುಂಡೆ ಇದ್ದರೆ ಸಾಕು. ಮೂತಿಯಿಂದ ಹಿಂಬದಿಯ ತನಕ ಅಡಿಮರದ ಉದ್ದಕ್ಕೂ ದಾರ ಬಿಗಿದು ನೋಡಿ. ಕಟ್ಟುವಾಗ ನೆಟ್ಟಗಿದ್ದ ಅಡಿಮರ ನಡುವೆ ಕಮಾನಿನಂತೆ ಮೇಲೆದ್ದಿದ್ದರೆ ದೋಣಿಯ ಬೆನ್ನು ಮುರಿದಿದೆ, ಎಷ್ಟು ಅಗ್ಗವಾದರೂ ಬೇಡ. ದಬ್ಬಳದಿಂದ ಚುಚ್ಚಬೇಕಾದ ಜಾಗಗಳು: ಅಡಿಮರಕ್ಕೆ ಅಂಟಿದ ಮೊದಲ ಹಲಗೆ, ಮೂತಿಮರದ ಬುಡ, ಕೂವೆ ಕೂರುವ ಗುಳಿಯ ಕೆಳಭಾಗ. ಗುಳಿಯಲ್ಲಿ ಮಳೆನೀರು ನಿಂತು ಕೊಳೆ ಹುಟ್ಟುವುದು ಮಾಮೂಲು. ದಬ್ಬಳ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಆ ಮರ ಬದಲಿಸಲೇಬೇಕು.

ಮಾರುವ ವಾರದಲ್ಲೇ ಬಳಿದ ಹೊಸ ಬಣ್ಣವನ್ನು ನಂಬಬೇಡಿ. ತಳದ ಒಳಗೆ ಸಿಮೆಂಟ್ ಸುರಿದಿದ್ದರೆ ಅದು ಸೋರುವ ಸಂದನ್ನು ಮುಚ್ಚಿದ ಗುರುತು. ಸಿಮೆಂಟಿನ ಕೆಳಗೆ ಮೊಳೆ ತುಕ್ಕು ಹಿಡಿದು, ಮರ ಕೊಳೆಯುತ್ತಲೇ ಇರುತ್ತದೆ, ಒಡೆದು ನೋಡದೆ ಬೆಲೆ ಮಾತಾಡಬೇಡಿ. ಕಬ್ಬಿಣದ ಮೊಳೆಯ ದೋಣಿಗೆ ತಾಮ್ರದ ಮೊಳೆ ಹಾಕಿ ದುರಸ್ತಿ ಮಾಡಿದ್ದರೆ, ಉಪ್ಪುನೀರಲ್ಲಿ ತಾಮ್ರದ ನೆರೆಯ ಕಬ್ಬಿಣವೇ ಮೊದಲು ಕರಗುತ್ತದೆ. ಕೊನೆಯದಾಗಿ, ಮಾರುವವನ ಎದುರೇ ದೋಣಿಯನ್ನು ಒಂದು ರಾತ್ರಿ ನೀರಲ್ಲಿ ಬಿಡಿಸಿ, ಬೆಳಿಗ್ಗೆ ಎಷ್ಟು ಕೊಡ ನೀರು ಮೊಗೆಯಬೇಕಾಯಿತೆಂದು ಎಣಿಸಿ, ಆಮೇಲೆ ಚೌಕಾಸಿಗೆ ಕೂರಿ.